ಬಂದರಿನ ಬಾಗಿಲು: ಯಹೂದಿ ನಿರಾಶ್ರಿತರ ಕಡಲಯಾನ, ಸಿನಿಮಾ ಮತ್ತು ಮೈಸೂರು ಸೀಮೆ

1976ರಲ್ಲಿ ತೆರೆಕಂಡ 'ವಾಯೇಜ್ ಆಫ್ ದ ಡ್ಯಾಮ್ಡ್' ಚಿತ್ರದ ಬಹುಪಾಲು ಕಥೆ ಒಂದೇ ಹಡಗಿನ ಮೇಲೆ ನಡೆಯುತ್ತದೆ. ಹಡಗಿನ ಹೆಸರು 'ಸೇಂಟ್ ಲೂಯಿ'. 1939ರ ಮೇ 13ರಂದು ಅದು ಜರ್ಮನಿಯ ಹ್ಯಾಂಬರ್ಗ್ ಬಂದರಿನಿಂದ ಕ್ಯೂಬಾದ ಹವಾನಾದತ್ತ ಹೊರಟಿತು. ಅದರಲ್ಲಿ 937 ಪ್ರಯಾಣಿಕರಿದ್ದರು. ಹೆಚ್ಚುಕಡಿಮೆ ಎಲ್ಲರೂ ನಾಜಿ ಆಳ್ವಿಕೆಯಿಂದ ತಪ್ಪಿಸಿಕೊಂಡು ಹೊರಟ ಯಹೂದಿಗಳು. ಗಾರ್ಡನ್ ಥಾಮಸ್ ಮತ್ತು ಮ್ಯಾಕ್ಸ್ ಮಾರ್ಗನ್-ವಿಟ್ಸ್ 1974ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ಸ್ಟುವರ್ಟ್ ರೋಸೆನ್‌ಬರ್ಗ್ ಇದನ್ನು ನಿರ್ದೇಶಿಸಿದರು. ಹಡಗಿನ ಕಪ್ತಾನ ಗುಸ್ತಾವ್ ಶ್ರೋಡರ್ ಪಾತ್ರದಲ್ಲಿ ಮ್ಯಾಕ್ಸ್ ಫಾನ್ ಸೀಡೋ ಇದ್ದಾರೆ. ಫೇ ಡನವೇ, ಆಸ್ಕರ್ ವೆರ್ನರ್, ಲೀ ಗ್ರಾಂಟ್, ಜೇಮ್ಸ್ ಮೇಸನ್, ಆರ್ಸನ್ ವೆಲ್ಸ್‌ರಂಥ ಹೆಸರಾಂತ ನಟರ ದಂಡೇ ಇದೆ. ಮೂರು ವಿಭಾಗಗಳಲ್ಲಿ ಆಸ್ಕರ್ ಪ್ರಶಸ್ತಿಗೆ ಅದರ ಹೆಸರು ಸೂಚಿತವಾಯಿತು. ಕಡಲ ದಾರಿಯಲ್ಲಿ ಆಶ್ರಯ ಅರಸಿದ ಯಹೂದಿಗಳ ಕುರಿತ ಚಿತ್ರಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಇದೇ.

ಕಡಲಿನ ಚಿತ್ರವೆಂದರೆ ಬಿರುಗಾಳಿ, ದೈತ್ಯ ಅಲೆ, ಮುಳುಗುವ ಹಡಗು ಎಂಬ ನಿರೀಕ್ಷೆ ನೋಡುಗರಿಗೆ ಇರುತ್ತದೆ. ಇಲ್ಲಿ ಅದಾವುದೂ ಇಲ್ಲ. ಹಡಗು ಗಟ್ಟಿಮುಟ್ಟಾಗಿದೆ, ಊಟೋಪಚಾರ ಚೆನ್ನಾಗಿದೆ, ಸಂಜೆ ಸಂಗೀತವೂ ಇದೆ. ಪ್ರಯಾಣಿಕರ ಎದೆ ನಡುಗಿಸುವುದು ಒಂದು ಸರ್ಕಾರಿ ಆದೇಶ. ಈ ಜನರ ಜೀವ ನಿಂತಿದ್ದು ಕೈಯಲ್ಲಿದ್ದ ಕಾಗದದ ಮೇಲೆ, ಆ ಕಾಗದವನ್ನು ಓದಿ ಒಪ್ಪಿ ತಲೆದೂಗುವ ಅಥವಾ ಬೇಡವೆಂದು ತಲೆ ಅಲ್ಲಾಡಿಸುವ ಅಧಿಕಾರಿಯ ಮೇಲೆ ಎಂಬುದನ್ನು ಚಿತ್ರ ಸರಿಯಾಗಿ ಹಿಡಿದಿದೆ. ಆ ವರ್ಷಗಳ ಎಲ್ಲ ನಿರಾಶ್ರಿತ ಹಡಗುಗಳ ಚರಿತ್ರೆಗೂ ಇದು ಬೀಗದ ಕೈ. ಮುಂಬಯಿಯಲ್ಲಿ ಇಳಿದು ಬೆಂಗಳೂರಿನವರೆಗೆ ಬಂದ ಕೆಲವರ ಕಥೆಯೂ ಈ ಕೀಲಿಯಿಂದಲೇ ತೆರೆಯುತ್ತದೆ.

1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ ನಿರಾಶ್ರಿತರ ಸಮಸ್ಯೆಯನ್ನು ಚರ್ಚಿಸಿದರು. ಮರುಕದ ಮಾತಿಗೆ ಅಲ್ಲಿ ಕೊರತೆ ಇರಲಿಲ್ಲ. ಬಾಗಿಲು ತೆರೆಯುತ್ತೇವೆ ಎಂದವರು ಮಾತ್ರ ಬೆರಳೆಣಿಕೆಯಷ್ಟು. ಅದೇ ನವೆಂಬರಿನಲ್ಲಿ ಜರ್ಮನಿಯ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು, ಅವರ ಅಂಗಡಿಗಳು ಪುಡಿಯಾದವು, ಸಾವಿರಾರು ಗಂಡಸರನ್ನು ಶಿಬಿರಗಳಿಗೆ ಅಟ್ಟಲಾಯಿತು. ದೇಶ ಬಿಟ್ಟು ಹೋಗುವುದಾಗಿ ತೋರಿಸಿದವರಿಗೆ ಮಾತ್ರ ಬಿಡುಗಡೆ. ಹಾಗೆ ಹೊರಟವರು ಕೈಯಲ್ಲಿ 10 ಮಾರ್ಕ್‌ಗಿಂತ ಹೆಚ್ಚು ಹಣ ಒಯ್ಯುವಂತಿರಲಿಲ್ಲ. ಮನೆ, ಅಂಗಡಿ, ಉಳಿತಾಯ ಎಲ್ಲವೂ ಹಿಂದೆ ಉಳಿದವು. ಅಮೆರಿಕ ಸಂಯುಕ್ತ ಸಂಸ್ಥಾನ ಜರ್ಮನಿ ಮತ್ತು ಆಸ್ಟ್ರಿಯಾದಿಂದ ವರ್ಷಕ್ಕೆ 27,370 ಜನರನ್ನಷ್ಟೇ ಬಿಟ್ಟುಕೊಳ್ಳುತ್ತಿತ್ತು. ಅದರ ಸರದಿ ಸಾಲು ವರ್ಷಗಟ್ಟಲೆ ಉದ್ದವಿತ್ತು. ಪ್ಯಾಲೆಸ್ಟೈನ್ ಬ್ರಿಟಿಷರ ಕೈಯಲ್ಲಿತ್ತು. 'ಸೇಂಟ್ ಲೂಯಿ' ಅಟ್ಲಾಂಟಿಕ್ ನಡುವೆ ಇದ್ದಾಗಲೇ, 1939ರ ಮೇ 17ರಂದು, ಬ್ರಿಟನ್ ಶ್ವೇತಪತ್ರ ಹೊರಡಿಸಿ ಅಲ್ಲಿಗೆ ಐದು ವರ್ಷಗಳಲ್ಲಿ 75,000 ಯಹೂದಿಗಳು ಮಾತ್ರ ಬರಬಹುದೆಂದು ಮಿತಿ ಹಾಕಿತು.

ಹಡಗಿನಲ್ಲಿದ್ದ ಬಹುತೇಕರು ಅಮೆರಿಕದ ಸರದಿಯಲ್ಲಿ ನಿಂತಿದ್ದವರು. ಅದು ಬರುವವರೆಗೆ ಕ್ಯೂಬಾದಲ್ಲಿ ತಂಗುವುದು ಅವರ ಲೆಕ್ಕಾಚಾರ. ಅಲ್ಲಿ ಇಳಿಯಲು ಬೇಕಾದ ಪರವಾನಗಿ ಚೀಟಿಗಳನ್ನು ಕ್ಯೂಬಾದ ವಲಸೆ ಇಲಾಖೆಯ ಮುಖ್ಯಸ್ಥ ಮ್ಯಾನ್ಯುಯೆಲ್ ಬೆನಿಟೆಸ್ ದುಡ್ಡಿಗೆ ಮಾರಿದ್ದ. ಹಡಗು ಹೊರಡುವ ಮುನ್ನವೇ ಅಧ್ಯಕ್ಷ ಲಾರೆಡೊ ಬ್ರೂ ಆದೇಶ ಹೊರಡಿಸಿ ಆ ಚೀಟಿಗಳನ್ನು ರದ್ದು ಮಾಡಿದ್ದರು. ವಿಚಿತ್ರವೆಂದರೆ ಆ ಆದೇಶದ ಸಂಖ್ಯೆ 937, ಪ್ರಯಾಣಿಕರ ಸಂಖ್ಯೆಯೂ 937. ಮೇ 27ರಂದು ಹಡಗು ಹವಾನಾ ಮುಟ್ಟಿದಾಗ ಇಳಿಯಲು ಅನುಮತಿ ಸಿಕ್ಕಿದ್ದು 28 ಜನರಿಗೆ. ಕೈ ಕೊಯ್ದುಕೊಂಡು ನೀರಿಗೆ ಹಾರಿದ ಒಬ್ಬರನ್ನು ಆಸ್ಪತ್ರೆಗೆ ಸೇರಿಸಲಾಯಿತು. ಬರುವ ದಾರಿಯಲ್ಲಿಯೇ ಒಬ್ಬ ಮುದುಕರು ತೀರಿಕೊಂಡಿದ್ದರು. ಉಳಿದ 907 ಜನ ಹಡಗಿನ ಕಟಕಟೆಗೆ ಒರಗಿ, ಕೆಳಗೆ ಸಣ್ಣ ದೋಣಿಗಳಲ್ಲಿ ಬಂದ ನೆಂಟರಿಷ್ಟರನ್ನು ಕೂಗಿ ಮಾತಾಡಿಸುತ್ತ ದಿನ ಕಳೆದರು. ನ್ಯೂಯಾರ್ಕಿನ ಯಹೂದಿ ಪರಿಹಾರ ಸಂಸ್ಥೆ 'ಜಾಯಿಂಟ್' ತನ್ನ ವಕೀಲರನ್ನು ಕಳಿಸಿತು. ತಲೆಗೆ 500 ಡಾಲರಿನಂತೆ ಠೇವಣಿ ಕೇಳಿದ ಕ್ಯೂಬಾದೊಡನೆ ಚೌಕಾಸಿ ನಡೆದು, ಮಾತುಕತೆ ಮುರಿದುಬಿತ್ತು. ಜೂನ್ 2ರಂದು ಹಡಗು ಬಂದರು ಬಿಟ್ಟು ಹೊರಟಿತು.

ಮುಂದಿನ ನಾಲ್ಕು ದಿನ ಅದು ಫ್ಲಾರಿಡಾ ತೀರದುದ್ದಕ್ಕೂ ಅಲೆದಾಡಿತು. ಮಯಾಮಿಯ ದೀಪಗಳು ಕಣ್ಣಿಗೆ ಕಾಣುವಷ್ಟು ಹತ್ತಿರ. ಪ್ರಯಾಣಿಕರು ಅಧ್ಯಕ್ಷ ರೂಸ್‌ವೆಲ್ಟರಿಗೆ ತಂತಿ ಕಳಿಸಿದರು, ಉತ್ತರ ಬರಲಿಲ್ಲ. ಸರದಿ ಕಾಯಬೇಕು ಎಂಬುದು ವಿದೇಶಾಂಗ ಇಲಾಖೆಯ ನಿಲುವು. ಕೆನಡಾ ಕೂಡ ಬಾಗಿಲು ತೆರೆಯಲಿಲ್ಲ. ಹಡಗು ಯುರೋಪಿಗೆ ಮುಖ ಮಾಡಿದ ಮೇಲೆ 'ಜಾಯಿಂಟ್' ಸಂಸ್ಥೆಯ ಮಾರಿಸ್ ಟ್ರೋಪರ್ ನಾಲ್ಕು ದೇಶಗಳ ಮನವೊಲಿಸಿದರು. ಜೂನ್ 17ರಂದು ಹಡಗು ಬೆಲ್ಜಿಯಂನ ಆಂಟ್‌ವರ್ಪ್ ತಲುಪಿತು. ಬ್ರಿಟನ್ 288, ಫ್ರಾನ್ಸ್ 224, ಬೆಲ್ಜಿಯಂ 214, ಹಾಲೆಂಡ್ 181 ಜನರನ್ನು ಹಂಚಿಕೊಂಡವು. ಹಡಗಿನ ಮೇಲೆ ಅಂದು ನಗು, ಕುಣಿತ. ಹನ್ನೊಂದು ತಿಂಗಳೊಳಗೆ ಬ್ರಿಟನ್ ಒಂದನ್ನು ಬಿಟ್ಟು ಉಳಿದ ಮೂರು ದೇಶಗಳಿಗೂ ಹಿಟ್ಲರನ ಸೈನ್ಯ ನುಗ್ಗಿತು.

ಚಿತ್ರದ ಕೊನೆಯಲ್ಲಿ ಬರುವ ಬರಹ, ಪ್ರಯಾಣಿಕರಲ್ಲಿ 600ಕ್ಕೂ ಹೆಚ್ಚು ಮಂದಿ ಸತ್ತರೆಂದು ಹೇಳುತ್ತದೆ. ಇದು ತಪ್ಪು. ವಾಷಿಂಗ್ಟನ್ನಿನ ಹೋಲೋಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದ ಸಾರಾ ಓಗಿಲ್ವಿ ಮತ್ತು ಸ್ಕಾಟ್ ಮಿಲ್ಲರ್ ಪ್ರತಿಯೊಬ್ಬ ಪ್ರಯಾಣಿಕರ ಜಾಡನ್ನೂ ಹುಡುಕುತ್ತ ವರ್ಷಗಟ್ಟಲೆ ದುಡಿದರು. ಅದರ ಫಲವಾದ ಪುಸ್ತಕ 2006ರಲ್ಲಿ ಹೊರಬಂತು. ಅವರ ಲೆಕ್ಕದಂತೆ ಯುರೋಪ್ ಖಂಡಕ್ಕೆ ಮರಳಿದ ಸುಮಾರು 620 ಜನರಲ್ಲಿ 87 ಮಂದಿ ಜರ್ಮನ್ ದಾಳಿಗೆ ಮುಂಚೆ ಬೇರೆಡೆಗೆ ಹೋಗಿಬಿಟ್ಟರು. ಸಿಕ್ಕಿಬಿದ್ದವರು 532. ಅವರಲ್ಲಿ 254 ಮಂದಿ ಕೊಲೆಯಾದರು, 278 ಮಂದಿ ಬದುಕಿ ಉಳಿದರು. 254 ಎಂಬುದು ಸಣ್ಣ ಸಂಖ್ಯೆಯಲ್ಲ. ಹವಾನಾ ಅಥವಾ ಮಯಾಮಿಯಲ್ಲಿ ಇಳಿದಿದ್ದರೆ ಅಷ್ಟೂ ಜನ ಬದುಕುತ್ತಿದ್ದರು. ಇಷ್ಟು ದೊಡ್ಡ ಅನ್ಯಾಯವನ್ನು ಹೇಳಲು ಲೆಕ್ಕವನ್ನು ಹಿಗ್ಗಿಸಬೇಕಾಗಿರಲಿಲ್ಲ. ಹಿಗ್ಗಿಸಿದರೆ ನಿಜವಾದ ಸಂಖ್ಯೆಯನ್ನೂ ಶಂಕಿಸುವವರ ಕೈಗೆ ಕೋಲು ಕೊಟ್ಟಂತಾಗುತ್ತದೆ.

ಚಿತ್ರದ ಇನ್ನೊಂದು ಕೊರತೆ ತಾರಾಬಳಗದ ಭಾರ. ಪ್ರತಿಯೊಬ್ಬ ದೊಡ್ಡ ನಟನಿಗೂ ಒಂದು ದೃಶ್ಯ, ಒಂದು ದುಃಖ ಎಂದು ಹಂಚಿದಂತೆ ಕಾಣುತ್ತದೆ. ಹಡಗಿನ ಪರಿಚಾರಕನೊಬ್ಬನಿಗೂ ಯಹೂದಿ ಯುವತಿಗೂ ಹೆಣೆದ ಪ್ರೇಮಕಥೆ ಚರಿತ್ರೆಯ ತೂಕದ ಮುಂದೆ ತೆಳುವಾಗುತ್ತದೆ. ಆದರೂ ಕಪ್ತಾನನ ಪಾತ್ರದಲ್ಲಿ ಚಿತ್ರ ಸತ್ಯಕ್ಕೆ ನಿಷ್ಠವಾಗಿದೆ. ಶ್ರೋಡರ್ ಯಹೂದಿಯಲ್ಲ. ತನ್ನ ಪ್ರಯಾಣಿಕರನ್ನು ಮರ್ಯಾದೆಯಿಂದ ಕಾಣಬೇಕೆಂದು ಸಿಬ್ಬಂದಿಗೆ ತಾಕೀತು ಮಾಡಿದವರು ಅವರು. ಊಟದ ಸಭಾಂಗಣದಲ್ಲಿ ಶುಕ್ರವಾರದ ಪ್ರಾರ್ಥನೆಗೆ ಅವಕಾಶ ಕೊಟ್ಟು, ಆ ಹೊತ್ತಿನಲ್ಲಿ ಹಿಟ್ಲರನ ಚಿತ್ರವನ್ನು ಇಳಿಸಿಟ್ಟವರು. ಯಾವ ದೇಶವೂ ಒಪ್ಪದಿದ್ದರೆ ಇಂಗ್ಲೆಂಡಿನ ತೀರದಲ್ಲಿ ಹಡಗನ್ನು ಬೇಕೆಂದೇ ನೆಲಕ್ಕೆ ಹತ್ತಿಸಿ ಎಲ್ಲರನ್ನೂ ಇಳಿಸುವ ಯೋಚನೆಯೂ ಅವರಿಗಿತ್ತು. 1959ರಲ್ಲಿ ಅವರು ತೀರಿಕೊಂಡರು. ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಕೊಡುವ ಗೌರವ ಅವರಿಗೆ 1993ರಲ್ಲಿ ಸಂದಿತು. ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಈ ಹಡಗಿನ ವಿಚಾರಕ್ಕೆ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2018ರಲ್ಲಿ, ಎಂದರೆ ಹಡಗು ಹಿಂದಿರುಗಿ 79 ವರ್ಷ ಕಳೆದ ಮೇಲೆ.

ಇದೇ ವಸ್ತುವಿನ ಸುತ್ತ ಬಂದ ಬೇರೆ ಚಿತ್ರಗಳಲ್ಲಿ ಎರಡು ಮುಖ್ಯ. ಆಟೊ ಪ್ರೆಮಿಂಜರ್ 1960ರಲ್ಲಿ ತೆಗೆದ 'ಎಕ್ಸೋಡಸ್' ಯುದ್ಧಾನಂತರದ ಕಥೆ. ಮೂಲ ಘಟನೆ 1947ರ ಜುಲೈನದು: ಶಿಬಿರಗಳಿಂದ ಬದುಕಿ ಬಂದ ಸುಮಾರು 4,500 ಜನರನ್ನು ಹೊತ್ತು ಫ್ರಾನ್ಸಿನಿಂದ ಪ್ಯಾಲೆಸ್ಟೈನಿಗೆ ಹೊರಟ ಹಡಗನ್ನು ಬ್ರಿಟಿಷ್ ನೌಕಾಪಡೆ ತಡೆದು, ಕೊನೆಗೆ ಅವರನ್ನು ಜರ್ಮನಿಯ ನೆಲಕ್ಕೇ ತಿರುಗಿ ಕಳಿಸಿತು. ಲಿಯಾನ್ ಯೂರಿಸ್‌ರ ಕಾದಂಬರಿಯನ್ನು ಅನುಸರಿಸಿದ ಚಿತ್ರ ಈ ಘಟನೆಯನ್ನು ಬಹಳ ಬದಲಿಸಿ, ಗೆಲುವಿನ ಕಥೆಯಾಗಿ ಹೇಳುತ್ತದೆ. ಆ ನೆಲದಲ್ಲಿ ಆಗಲೇ ಬಾಳುತ್ತಿದ್ದ ಅರಬರ ಪಾಡು ಅದರಲ್ಲಿ ಅಂಚಿಗೆ ಸರಿದಿದೆ. ಸ್ಟ್ಯಾನ್ಲಿ ಕ್ರೇಮರ್ 1965ರಲ್ಲಿ ನಿರ್ದೇಶಿಸಿದ 'ಶಿಪ್ ಆಫ್ ಫೂಲ್ಸ್' 1933ರಲ್ಲಿ ಮೆಕ್ಸಿಕೊದಿಂದ ಜರ್ಮನಿಗೆ ಹೊರಟ ಹಡಗಿನ ಕಥೆ. ಅದರ ಯಹೂದಿ ಪಾತ್ರ ತನ್ನ ದೇಶ ತನಗೆ ಕೇಡು ಮಾಡದೆಂಬ ನಂಬಿಕೆಯಲ್ಲಿ ಊರಿಗೆ ಮರಳುತ್ತಿದೆ. ಆಸ್ಕರ್ ವೆರ್ನರ್ ಈ ಚಿತ್ರದಲ್ಲೂ ಇದ್ದಾರೆ, ಹಡಗಿನ ವೈದ್ಯನಾಗಿ. ಹನ್ನೊಂದು ವರ್ಷಗಳ ಬಳಿಕ 'ವಾಯೇಜ್ ಆಫ್ ದ ಡ್ಯಾಮ್ಡ್' ಅವರ ಕೊನೆಯ ಚಿತ್ರವಾಯಿತು.

ಇನ್ನೂ ಕರಾಳವಾದದ್ದು 'ಸ್ಟ್ರೂಮಾ' ಹಡಗಿನ ಕಥೆ. 1941ರ ಡಿಸೆಂಬರಿನಲ್ಲಿ ರೊಮೇನಿಯಾದಿಂದ ಹೊರಟ ಈ ಹಳೆಯ ಹಡಗು ಎಂಜಿನ್ ಕೆಟ್ಟು ಇಸ್ತಾಂಬುಲ್ ಬಂದರಿನಲ್ಲಿ ಎರಡು ತಿಂಗಳಿಗೂ ಹೆಚ್ಚು ನಿಂತಿತು. ಬ್ರಿಟಿಷರು ಪ್ಯಾಲೆಸ್ಟೈನ್ ಪರವಾನಗಿ ಕೊಡಲಿಲ್ಲ, ತುರ್ಕರು ಇಳಿಯಗೊಡಲಿಲ್ಲ. ಕೊನೆಗೆ ಅದನ್ನು ಕಪ್ಪುಸಮುದ್ರಕ್ಕೆ ಎಳೆದೊಯ್ದು ಬಿಡಲಾಯಿತು. 1942ರ ಫೆಬ್ರವರಿ 24ರಂದು ಸೋವಿಯತ್ ಜಲಾಂತರ್ನೌಕೆಯ ಟಾರ್ಪಿಡೊ ಬಡಿದು 700ಕ್ಕೂ ಹೆಚ್ಚು ಜನ ಮುಳುಗಿದರು. ಬದುಕಿದ್ದು ಒಬ್ಬನೇ.

ಹಿಂದೂ ಮಹಾಸಾಗರಕ್ಕೂ ಈ ಕಥೆ ಚಾಚಿಕೊಂಡಿದೆ. ಪ್ಯಾಲೆಸ್ಟೈನಿನಲ್ಲಿ ಇಳಿಯಗೊಡದ ಸುಮಾರು 1,580 ಯಹೂದಿಗಳನ್ನು ಬ್ರಿಟಿಷರು 1940ರ ಡಿಸೆಂಬರಿನಲ್ಲಿ ಮಾರಿಷಸ್ ದ್ವೀಪಕ್ಕೆ ಸಾಗಿಸಿ, ಬೋ ಬಾಸಿನ್ ಜೈಲಿನಲ್ಲಿ 1945ರ ಆಗಸ್ಟ್‌ವರೆಗೆ ಇಟ್ಟರು. ಯುದ್ಧಕ್ಕೆ ಮುಂಚೆ, ವೀಸಾ ಕೇಳದ ಶಾಂಘೈ ಬಂದರಿಗೆ ಹೊರಟವರ ಸಂಖ್ಯೆ ದೊಡ್ಡದು. ಅಲ್ಲಿ ನೆಲೆ ಕಂಡವರು 17,000ಕ್ಕೂ ಹೆಚ್ಚು. ಅವರಲ್ಲಿ ಅನೇಕರು ಏರಿದ್ದು ಇಟಲಿಯ ಲಾಯ್ಡ್ ಟ್ರಿಯೆಸ್ಟಿನೊ ಕಂಪನಿಯ 'ಕಾಂಟೆ ರೊಸ್ಸೊ', 'ಕಾಂಟೆ ವೆರ್ಡೆ'ಯಂಥ ಹಡಗುಗಳನ್ನು. ಸೂಯೆಜ್ ಕಾಲುವೆ ದಾಟಿ ಈ ಹಡಗುಗಳು ಮುಂಬಯಿಗೆ ಬರುತ್ತಿದ್ದವು, ಅಲ್ಲಿಂದ ಕೊಲಂಬೊ ಕಡೆಗೆ ಸಾಗುತ್ತಿದ್ದವು. ಮುಂಬಯಿಯಿಂದ ಕೊಲಂಬೊಗೆ ಹೋಗುವ ಹಡಗು ಕಾರವಾರ, ಹೊನ್ನಾವರ, ಮಂಗಳೂರುಗಳ ಎದುರಿನ ಕಡಲಿನಲ್ಲಿಯೇ ಹಾಯಬೇಕು. ಕನ್ನಡ ಕರಾವಳಿಯ ಬೆಸ್ತರ ಕಣ್ಣಿಗೆ ದೂರದ ಹೊಗೆಯಾಗಿ ಕಂಡಿರಬಹುದಾದ ಆ ಹಡಗುಗಳಲ್ಲಿ, ಊರು ಕಳೆದುಕೊಂಡವರು ಕುಳಿತಿದ್ದರು.

ಯಹೂದಿಗಳಿಗೆ ಈ ತೀರ ಹೊಸದೇನೂ ಆಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹದಿನೇಳು ವರ್ಷಗಳಷ್ಟು ಕಾಲ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ. ಕೈರೋದ ಸಿನಗಾಗ್ ಒಂದರಲ್ಲಿ ಸಿಕ್ಕ ಅವನ ಪತ್ರಗಳ ಜಾಡು ಹಿಡಿದೇ ಅಮಿತಾವ್ ಘೋಷ್ 'ಇನ್ ಆನ್ ಆಂಟಿಕ್ ಲ್ಯಾಂಡ್' ಬರೆದರು. ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರಂತೂ ತಮ್ಮ ಹಿರೀಕರು ನವಗಾಂವ್ ಬಳಿ ಹಡಗು ಒಡೆದು ದಡ ಸೇರಿದ ಏಳು ಜೋಡಿಗಳೆಂದು ಹೇಳುತ್ತ ಬಂದಿದ್ದಾರೆ. ಇವರಾರನ್ನೂ ದಡದಲ್ಲಿ ನಿಲ್ಲಿಸಿ ಚೀಟಿ ಕೇಳಿದ ನೆನಪು ಆ ಕಥೆಗಳಲ್ಲಿ ಇಲ್ಲ.

1930ರ ದಶಕದ ಭಾರತದಲ್ಲಿ ಚೀಟಿ ಕೇಳುತ್ತಿದ್ದರು. ವೀಸಾ ಕೊಡುವ ಅಧಿಕಾರ ಬ್ರಿಟಿಷರದು. ಬಂದವರಿಗೆ ಇಲ್ಲಿ ಕೆಲಸ ಗೊತ್ತಾಗಿರಬೇಕು, ಇಲ್ಲವೇ ಅವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲವೆಂದು ಯಾರಾದರೂ ಜಾಮೀನು ನಿಲ್ಲಬೇಕು. 1934ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಯಹೂದಿ ಪರಿಹಾರ ಸಂಘ ಈ ಹೊಣೆ ಹೊತ್ತು ಅನೇಕರನ್ನು ಕರೆಸಿಕೊಂಡಿತು. ಕಾಂಗ್ರೆಸ್ಸಿನಲ್ಲಿ ಜವಾಹರಲಾಲ್ ನೆಹರೂ ನಿರಾಶ್ರಿತರ ಪರವಾಗಿ ಗಟ್ಟಿಯಾಗಿ ಮಾತಾಡಿದರು. ಕಸುಬು ಬಲ್ಲವರನ್ನು ಕರೆದರೆ ದೇಶಕ್ಕೂ ಲಾಭ ಎಂಬುದು ಅವರ ವಾದ. ಸುಭಾಷ್‌ಚಂದ್ರ ಬೋಸ್ ಇದನ್ನು ಒಪ್ಪಲಿಲ್ಲ, 1939ರ ಮಾರ್ಚಿನಲ್ಲಿ ನೆಹರೂಗೆ ಬರೆದ ಪತ್ರದಲ್ಲಿ ಕಟುವಾಗಿಯೇ ಆಕ್ಷೇಪಿಸಿದರು. ಒಟ್ಟಿನಲ್ಲಿ ಸಾವಿರಕ್ಕೂ ಹೆಚ್ಚು ಯಹೂದಿ ನಿರಾಶ್ರಿತರು ಭಾರತಕ್ಕೆ ಬಂದರು. ಪ್ರಾಗ್‌ನಿಂದ 1934ರಲ್ಲಿ ಬಂದ ವಾಲ್ಟರ್ ಕೌಫ್‌ಮನ್ ಮುಂಬಯಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗ ನಡೆಸಿದರು. ಬೆಳಗಿನ ಆಕಾಶವಾಣಿಯ ಗುರುತಿನ ರಾಗ ಅವರ ಹೆಸರಿನಲ್ಲೇ ನಿಂತಿದೆ. ವಿಯೆನ್ನಾದ ನರ್ತಕಿ ಹಿಲ್ಡೆ ಹೋಲ್ಗರ್, ಬರ್ಲಿನ್ನಿನ ವಿಮರ್ಶಕ ವಿಲ್ಲಿ ಹಾಸ್ ಮುಂಬಯಿ ಸೇರಿ ಬದುಕಿದರು. ಹಾಸ್ ಇಲ್ಲಿ ಹಿಂದಿ ಚಿತ್ರಗಳಿಗೆ ಚಿತ್ರಕಥೆಯನ್ನೂ ಬರೆದರು. ಯುದ್ಧ ಶುರುವಾದ ಕೂಡಲೇ, 1939ರ ಸೆಪ್ಟೆಂಬರಿನಲ್ಲಿ, ಬ್ರಿಟಿಷರು ಜರ್ಮನರನ್ನೆಲ್ಲ ಶತ್ರುಗಳೆಂದು ಹಿಡಿದು ಅಹಮದ್‌ನಗರದಲ್ಲಿ ಕೂಡಿಹಾಕಿದಾಗ ಯಹೂದಿಗಳೂ ಆ ಬಲೆಗೆ ಬಿದ್ದರು. ಹಿಟ್ಲರನಿಂದ ಓಡಿಬಂದವರನ್ನು ಹಿಟ್ಲರನ ಕಡೆಯವರೆಂದು ಬಂಧಿಸಿದ್ದು ಸರಿಯಲ್ಲವೆಂದು ತಿಳಿದು ಬಹುತೇಕರನ್ನು ಬಿಡುಗಡೆ ಮಾಡಲು ಕೆಲವು ತಿಂಗಳು ಹಿಡಿಯಿತು.

ಮೈಸೂರು ಸಂಸ್ಥಾನಕ್ಕೆ ಕಡಲತೀರವಿರಲಿಲ್ಲ. ಮುಂಬಯಿಯಲ್ಲಿ ಇಳಿದವರು ಎರಡು ರಾತ್ರಿ ರೈಲಿನಲ್ಲಿ ಕಳೆದು ಬೆಂಗಳೂರು ಸೇರಬೇಕು. ಮದ್ರಾಸಿನಲ್ಲಿ ಇಳಿದವರಾದರೆ ಜೋಲಾರಪೇಟೆ, ಬಂಗಾರಪೇಟೆ, ಮಾಲೂರು ದಾಟಿ ಬರಬೇಕು.  ಹೀಗೆ ಒಳನಾಡಿನಲ್ಲಿ ಹುದುಗಿದ ಈ ಸಂಸ್ಥಾನದ ಕಡೆಗೆ ಯುರೋಪಿನ ನಿರಾಶ್ರಿತರ ಕಣ್ಣು ತಿರುಗಿದ್ದಕ್ಕೆ ಕಾರಣ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಮತ್ತು 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಕೋಲಾರದ ಚಿನ್ನದ ಗಣಿಗಳ ರಾಯಧನ ಬೊಕ್ಕಸಕ್ಕೆ ಬರುತ್ತಿದ್ದ ಆ ಕಾಲದಲ್ಲಿ ಮೈಸೂರು ಕಾರ್ಖಾನೆ, ಕಟ್ಟಡ, ಉದ್ಯಾನಗಳನ್ನು ಕಟ್ಟುವ ಹುಮ್ಮಸ್ಸಿನಲ್ಲಿತ್ತು. ಆದರೆ ಇಲ್ಲೂ ಕಾಗದದ ಕಟ್ಟು ಇತ್ತು: 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದ ಕರಾರಿನಂತೆ, ಭಾರತೀಯರಲ್ಲದವರನ್ನು ಮಹಾರಾಜರು ಕೆಲಸಕ್ಕೆ ತೆಗೆದುಕೊಳ್ಳಲು ಬ್ರಿಟಿಷ್ ಸರ್ಕಾರದ ಒಪ್ಪಿಗೆ ಬೇಕಾಗಿತ್ತು.

ಮೊದಲು ಬಂದ ದೊಡ್ಡ ಹೆಸರು ಮ್ಯಾಕ್ಸ್ ಬಾರ್ನ್. ಕ್ವಾಂಟಂ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಬಾರ್ನ್, ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಗಟ್ಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು ಇಂಗ್ಲೆಂಡ್ ಸೇರಿದ್ದರು. ಆಗ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಜರ್ಮನಿ ಹೊರದೂಡಿದ ವಿಜ್ಞಾನಿಗಳನ್ನು ಬೆಂಗಳೂರಿಗೆ ತಂದರೆ ಇಲ್ಲಿನ ವಿಜ್ಞಾನ ಒಂದೇ ಜಿಗಿತಕ್ಕೆ ಮೇಲೇರುತ್ತದೆಂದು ರಾಮನ್ ನಂಬಿದ್ದರು. ಅವರ ಕರೆಗೆ ಓಗೊಟ್ಟು ಬಾರ್ನ್ ಮಡದಿ ಹೆಡ್ವಿಗ್ ಜೊತೆ 1935ರಲ್ಲಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇದ್ದರು, ಪಾಠ ಹೇಳಿದರು. ಊರು ಇಬ್ಬರಿಗೂ ಹಿಡಿಸಿತು. ಅವರಿಗಾಗಿ ಶಾಶ್ವತ ಪ್ರಾಧ್ಯಾಪಕ ಹುದ್ದೆ ಸೃಷ್ಟಿಸಲು ರಾಮನ್ ಮುಂದಾದರು. ಸಂಸ್ಥೆಯ ಸಭೆಯಲ್ಲಿ, ಆಗಷ್ಟೇ ಬಂದಿದ್ದ ಇಂಗ್ಲಿಷ್ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ವಿದೇಶಿಯೊಬ್ಬ ಇಲ್ಲಿಗೆ ತಕ್ಕವನಲ್ಲ ಎಂಬರ್ಥದ ಮಾತಾಡಿದರು. ಬಾರ್ನ್ ಆ ಸಭೆಯಲ್ಲಿಯೇ ಕುಳಿತಿದ್ದರು. ಮನೆಗೆ ಬಂದು ಅತ್ತುಬಿಟ್ಟೆ ಎಂದು ತಮ್ಮ ಆತ್ಮಕಥೆಯಲ್ಲಿ ಅವರು ಬರೆದುಕೊಂಡಿದ್ದಾರೆ.

ಹುದ್ದೆ ದಕ್ಕಲಿಲ್ಲ. 1936ರಲ್ಲಿ ಬಾರ್ನ್ ದಂಪತಿ ಇಂಗ್ಲೆಂಡಿಗೆ ಮರಳಿದರು. ಆ ವರ್ಷವೇ ಎಡಿನ್‌ಬರೊ ವಿಶ್ವವಿದ್ಯಾಲಯ ಅವರನ್ನು ಕರೆಯಿತು. 1954ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಂಸ್ಥೆಯೊಳಗಿನ ಜಗಳಗಳು ಬೆಳೆದು 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟರು. ಬೆಂಗಳೂರಿನ ವಿಜ್ಞಾನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟವನ್ನು ಹುಡುಕುವುದು ಕಷ್ಟ. ಹವಾನಾ ಬಂದರಿನಲ್ಲಿ ಆದೇಶದ ರೂಪದಲ್ಲಿ ಬಂದ 'ಬೇಡ' ಎಂಬ ಮಾತು ಇಲ್ಲಿ ಸಭೆಯ ಮೇಜಿನ ಸುತ್ತ ಕೇಳಿಬಂತು. ಬಾರ್ನ್‌ಗೆ ಹೋಗಲು ಬೇರೆ ಜಾಗವಿದ್ದುದು ಅವರ ಅದೃಷ್ಟ.

ಎರಡನೆಯವರು ಬಾರ್ನ್ ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ಅಲ್ಲಿಯೇ ವಾಸ್ತುಶಿಲ್ಪ ಕಲಿತ ಅವರಿಗೆ 1933ರಲ್ಲಿ ಹೆಸರಾಂತ ಶಿಂಕೆಲ್ ಬಹುಮಾನ ಬಂತು. ಅದೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದರು. ಕೋನಿಗ್ಸ್‌ಬರ್ಗರ್ ಈಜಿಪ್ಟಿಗೆ ಹೋಗಿ, ಪುರಾತತ್ತ್ವಜ್ಞ ಲುಡ್ವಿಗ್ ಬೋರ್ಕಾರ್ಟ್ ಜೊತೆ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. 1936ರಲ್ಲಿ ಪ್ರಕಟವಾದ ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆ. ಸ್ವದೇಶದ ಬಾಗಿಲು ಮುಚ್ಚಿಹೋದ ಯುವಕನೊಬ್ಬ ಮೂರು ಸಾವಿರ ವರ್ಷ ಹಿಂದಿನ ಕದ, ತಿರುಗಣಿ, ಅಗುಳಿಗಳನ್ನು ಅಳೆಯುತ್ತ ಕುಳಿತಿದ್ದ ಚಿತ್ರ ಯಾವ ಸಿನಿಮಾದ ದೃಶ್ಯಕ್ಕೂ ಕಡಿಮೆಯಲ್ಲ.

1939ರಲ್ಲಿ, 'ಸೇಂಟ್ ಲೂಯಿ' ಹ್ಯಾಂಬರ್ಗ್ ಬಿಟ್ಟ ವರ್ಷವೇ, ಅವರು ಬೆಂಗಳೂರಿಗೆ ಬಂದು ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದರು. ವಯಸ್ಸು ಆಗಿನ್ನೂ ಮೂವತ್ತು. ಮಿರ್ಜಾ ಇಸ್ಮಾಯಿಲರಿಗೆ ಕಮಾನು, ಗುಮ್ಮಟ, ಅಲಂಕಾರಗಳ ಮೇಲೆ ಒಲವು. ಬರ್ಲಿನ್ನಿನಲ್ಲಿ ಪಳಗಿದವರಿಗೆ ಸರಳ ಗೆರೆಗಳ ಮೇಲೆ. ಈ ಎರಡರ ನಡುವಿನ ಹಗ್ಗಜಗ್ಗಾಟದಲ್ಲಿ ಒಂದು ಹೊಸ ಬಗೆ ಹುಟ್ಟಿತು. ಬಿಸಿಲು ಯಾವ ಗೋಡೆಗೆ ಯಾವ ಹೊತ್ತಿನಲ್ಲಿ ಬೀಳುತ್ತದೆ, ಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಮುಂಗಾರಿನ ಎರಚಲಿಗೆ ಎಷ್ಟು ಚಾಚಿದ ಸಜ್ಜೆ ಬೇಕು ಎಂಬ ಲೆಕ್ಕದಿಂದ ಕಟ್ಟಡದ ಆಕಾರ ನಿರ್ಧಾರವಾಗತೊಡಗಿತು. ನಮ್ಮ ಹಳ್ಳಿಗಳ ಜಗಲಿ, ತೊಟ್ಟಿಮನೆಗಳನ್ನು ಕಟ್ಟಿದವರಿಗೆ ಇದು ಅನುಭವದಿಂದ ಗೊತ್ತಿತ್ತು. ಕೋನಿಗ್ಸ್‌ಬರ್ಗರ್ ಅದನ್ನು ಕ್ರಮಬದ್ಧ ಶಾಸ್ತ್ರವಾಗಿಸಿದರು. ಮಾವನಿಗೆ ಜಾಗ ಕೊಡದ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಅಳಿಯ ವಿಮಾನಶಾಸ್ತ್ರ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಸಭಾಂಗಣಗಳ ಕಟ್ಟಡಗಳನ್ನು ರೂಪಿಸಿದರು. ಬಸವನಗುಡಿಯ ಕೃಷ್ಣರಾವ್ ಪೆವಿಲಿಯನ್ ಅವರದೇ ಕೃತಿ. ಜಮ್‌ಶೆಡ್‌ಪುರದ ವಿಸ್ತರಣೆಗೂ 1948ರಲ್ಲಿ ಭುವನೇಶ್ವರದ ಹೊಸ ರಾಜಧಾನಿಗೂ ಅವರು ನಕ್ಷೆ ಹಾಕಿದರು.

ಅವರ ಬದುಕಿನ ಮುಂದಿನ ಘಟ್ಟ ಇನ್ನೂ ಅರ್ಥಪೂರ್ಣ. ದೇಶ ಇಬ್ಭಾಗವಾದಾಗ ಪಂಜಾಬ್, ಸಿಂಧ್‌ಗಳಿಂದ ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದರು; ಸಿಂಧಿಗಳಲ್ಲಿ ಬಹಳ ಮಂದಿ ಕರಾಚಿಯಿಂದ ಹಡಗು ಹತ್ತಿಯೇ ಬಂದರು. ಅವರಿಗೆ ಸೂರು ಕಟ್ಟಿಸುವ ಹೊಣೆ ಹೊತ್ತ ಕೇಂದ್ರ ವಸತಿ ನಿರ್ದೇಶಕರ ಹುದ್ದೆಗೆ 1948ರಲ್ಲಿ ನೆಹರೂ ಸರ್ಕಾರ ಕರೆದದ್ದು ಕೋನಿಗ್ಸ್‌ಬರ್ಗರ್ ಅವರನ್ನು. ಫರೀದಾಬಾದಿನಂಥ ನಿರಾಶ್ರಿತರ ಹೊಸ ಊರುಗಳ ಯೋಜನೆಯಲ್ಲಿ ಅವರು ದುಡಿದರು. ದೆಹಲಿಯಲ್ಲಿ ಸಿದ್ಧ ಮನೆಗಳ ಕಾರ್ಖಾನೆ ನಡೆಸಿ ಬೇಗ ಬೇಗ ಮನೆ ಕಟ್ಟುವ ಅವರ ಯತ್ನ ಕೈಗೂಡಲಿಲ್ಲ. ತಯಾರಾದ ಗೋಡೆಗಳು ಗಟ್ಟಿಯಾಗಿ ನಿಲ್ಲದೆ ಸಂಸತ್ತಿನಲ್ಲಿ ಟೀಕೆ ಎದುರಾಯಿತು. 1951ರಲ್ಲಿ ಅವರು ಲಂಡನ್ನಿಗೆ ಹೋದರು, ಉಷ್ಣವಲಯದ ವಾಸ್ತುಶಿಲ್ಪದ ಬೋಧನೆಯನ್ನು ಅಲ್ಲಿ ಕಟ್ಟಿ ಬೆಳೆಸಿದರು. ಬಿಸಿ ನಾಡುಗಳಲ್ಲಿ ಮನೆ ಕಟ್ಟುವ ಬಗ್ಗೆ ಅವರು ಸಂಗಡಿಗರೊಡನೆ ಬರೆದ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ದಶಕಗಳ ಕಾಲ ಪಠ್ಯವಾಗಿತ್ತು. 1999ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಈ ಎರಡು ಉದಾಹರಣೆ ಕಂಡು ಮೈಸೂರು ನಿರಾಶ್ರಿತರ ತವರಾಗಿತ್ತೆಂದು ಬೀಗುವಂತಿಲ್ಲ. ಬಾಗಿಲು ತೆರೆದದ್ದು ಅಪರೂಪದ ವಿದ್ಯೆ ಇದ್ದವರಿಗೆ, ಪರಿಚಯದ ಎಳೆ ಇದ್ದವರಿಗೆ. 'ಸೇಂಟ್ ಲೂಯಿ'ಯಲ್ಲಿದ್ದ ದರ್ಜಿ, ಅಂಗಡಿಕಾರ, ಶಾಲಾ ಮೇಷ್ಟರು, ಮುದುಕಿ, ಕೂಸುಗಳಿಗೆ ಬೆಂಗಳೂರಿನ ದಾರಿಯೂ ತೆರೆದಿರಲಿಲ್ಲ. ವಿದ್ಯೆ ನೋಡದೆ, ಬಂದವರು ಕಷ್ಟದಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ನೆಲ ಕೊಡುವ ಔದಾರ್ಯವನ್ನು ಈ ನಾಡು ತೋರಿಸಿದ್ದು ಸ್ವಾತಂತ್ರ್ಯದ ನಂತರ: 1960ರ ಹೊತ್ತಿಗೆ ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ 3,000 ಎಕರೆ ಜಮೀನು ಸಿಕ್ಕಿತು. ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಕಡಲು ದಾಟಿ ಮರಳಿದ ತಮಿಳು ತೋಟದ ಕೂಲಿಗಳಲ್ಲಿ ಕೆಲವರು ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ನೆಲೆ ಕಂಡರು.

ನಾಜಿ ಜರ್ಮನಿಯಿಂದ ಓಡಿಬಂದವರ ಕಥೆಯನ್ನು ಕನ್ನಡಕ್ಕೆ ಸಮರ್ಥವಾಗಿ ತಂದವರು ನೇಮಿಚಂದ್ರ. 2007ರಲ್ಲಿ ಬಂದ ಅವರ ಕಾದಂಬರಿ 'ಯಾದ್ ವಶೇಮ್'ನ ನಾಯಕಿ ಹ್ಯಾನಾ, ತಂದೆಯ ಕೈ ಹಿಡಿದು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ. ತಂದೆಯೂ ಇಲ್ಲವಾದ ಮೇಲೆ ಅವಳನ್ನು ಸಾಕುವುದು ಬೆಂಗಳೂರಿನ ಒಂದು ಮುಸ್ಲಿಂ ಕುಟುಂಬ. ದಶಕಗಳು ಕಳೆದ ಮೇಲೆ, ಹಿಂದೆ ಉಳಿದ ತನ್ನವರು ಏನಾದರೆಂದು ಹುಡುಕಿಕೊಂಡು ಅವಳು ಯುರೋಪಿಗೆ ಹೋಗುತ್ತಾಳೆ. ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಲೇಖಕಿಯ ಈ ಕೃತಿ ಕಲ್ಪನೆಯದಾದರೂ ಅದರ ನೆಲ ನಿಜದ್ದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಲ್ಲಿ ಆರಂಭವಾದ ಯಹೂದಿ ಸ್ಮಶಾನ ಇಂದಿಗೂ ಇದೆ. ಗೋರಿಗಳು ಕೆಲವೇ, ಕಲ್ಲಿನ ಮೇಲೆ ಹೀಬ್ರೂ ಅಕ್ಷರಗಳು. 'ವಾಯೇಜ್ ಆಫ್ ದ ಡ್ಯಾಮ್ಡ್' ಹಡಗಿನಿಂದ ಇಳಿಯಲಾಗದವರ ಕಥೆಯಾದರೆ, 'ಯಾದ್ ವಶೇಮ್' ಇಳಿದ ಮೇಲೆ ಹೇಗೆ ಬದುಕಿದರು ಎಂಬುದರ ಕಥೆ. ದೊಡ್ಡ ತಾರಾಗಣದ ಚಿತ್ರ ಮುಟ್ಟದ ಒಂದು ಜಾಗವನ್ನು ಕನ್ನಡದ ಕಾದಂಬರಿ ಮುಟ್ಟಿದೆ: ಬದುಕಿ ಉಳಿದವರನ್ನು ಕಾಡುವ, ಬಿಟ್ಟು ಬಂದವರ ನೆನಪು.

ಈ ಕಾದಂಬರಿಗೂ ಬಾರ್ನ್, ಕೋನಿಗ್ಸ್‌ಬರ್ಗರ್ ಅವರ ಬದುಕಿಗೂ ತೆರೆಯ ಮೇಲೆ ಬರುವ ಎಲ್ಲ ಅರ್ಹತೆಯಿದೆ. ಕನ್ನಡದ ನಿರ್ದೇಶಕರು ಇತ್ತ ಗಮನ ಕೊಡಬೇಕು. ಅದಕ್ಕೆ ಬೇಕಾದ ತಾಣಗಳು ದೂರವೇನಿಲ್ಲ: ವಿಜ್ಞಾನ ಸಂಸ್ಥೆಯ ಮರಗಳ ನೆರಳು, ಮೈಸೂರು ರಸ್ತೆಯ ಗೋರಿಗಳು, ಮದ್ರಾಸಿನಿಂದ ಮಾಲೂರಿನ ಮೇಲೆ ಬರುವ ಅದೇ ರೈಲು ಹಾದಿ. ಅಲ್ಲಿಯವರೆಗೆ, ಬಸವನಗುಡಿಯಲ್ಲಿ ಕೃಷ್ಣರಾವ್ ಪೆವಿಲಿಯನ್ ಮುಂದೆ ಹಾಯುವವರು ಒಂದು ಗಳಿಗೆ ನಿಂತು, ಜೊತೆಗಿರುವ ಮಕ್ಕಳಿಗೆ ಅದನ್ನು ಕಟ್ಟಿದವರು ಯಾರು, ಯಾವ ಊರು ಬಿಟ್ಟು ಬಂದವರು ಎಂದು ಹೇಳಲಿ.